ಶರೀರವೆಂಬ ದೇಗುಲದ ದ್ವಾರಪಾಲಕರು



ಪುರಾತನ ದೇವಾಲಯವೊಂದಕ್ಕೆ ಹೋದಾಗ ನಾವು ಗರ್ಭಗುಡಿಯ ಕಡೆಗೆ ಕಣ್ಣಿಟ್ಟು ನಡೆಯುತ್ತೇವೆಯೇ ಹೊರತು, ಬಾಗಿಲಿನ ಎರಡೂ ಮಗ್ಗುಲಲ್ಲಿ ನಿಂತ ದ್ವಾರಪಾಲಕರನ್ನು ಕಣ್ಣೆತ್ತಿ ನೋಡುವುದು ಅಪೂರ್ವ. ಅವರಿಗೆ ಹೂವಿಲ್ಲ, ಆರತಿಯಿಲ್ಲ. ಆದರೂ ಒಳಗಿನ ಪಾವಿತ್ರ್ಯವು ಉಳಿದಿರುವುದು ಅವರ ಕಾವಲಿನಿಂದ ಎಂಬ ಭಾವನೆಯಿಂದಲೇ ಶಿಲ್ಪಿಯು ಅವರನ್ನು ಅಲ್ಲಿ ನಿಲ್ಲಿಸಿರುತ್ತಾನೆ. ಶರೀರವನ್ನೇ ದೇವಾಲಯವಾಗಿ ಕಂಡ ಶರಣರ ಪರಂಪರೆಯಲ್ಲಿ ಬೆಳೆದ ನಮಗೆ, ಈ ದೇವಾಲಯಕ್ಕೂ ದ್ವಾರಪಾಲಕರಿದ್ದಾರೆಂಬ ಸಂಗತಿ ತಿಳಿದಿರುವುದು ಒಳ್ಳೆಯದು. ಅವರು ಕಲ್ಲಿನವರಲ್ಲ; ಹಗಲಿರುಳು ದುಡಿಯುವ ಜೀವಂತ ಕಾಯಕಜೀವಿಗಳು. ಅವರನ್ನು ಕುರಿತು ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡಬೇಕೆಂಬ ಆಸೆ ಬಹುಕಾಲದಿಂದ ನನ್ನಲ್ಲಿ ಇತ್ತು. ಶ್ರೀಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ, ಅನಂತರ ವೈದ್ಯವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರವನ್ನು ಬೋಧಿಸಿ ನಿವೃತ್ತನಾದ ನನಗೆ, ಕಲಿತದ್ದರಲ್ಲಿ ಲೋಕಕ್ಕೆ ಉಪಯೋಗವಾಗತಕ್ಕ ಅಂಶವನ್ನು ಮಠದ ಬಳಗದೊಡನೆ ಹಂಚಿಕೊಳ್ಳುವುದು ಒಂದು ಸಣ್ಣ ದಾಸೋಹವೆಂದೇ ತೋರುತ್ತದೆ.

ನಮ್ಮ ದೇಹವು ಕೋಟ್ಯನುಕೋಟಿ ಜೀವಕೋಶಗಳ ಸಮುದಾಯವಾಗಿದೆ. ಪ್ರತಿಯೊಂದು ಜೀವಕೋಶಕ್ಕೂ ಒಂದು ಪೊರೆಯುಂಟು. ಒಂದು ಮಿಲಿಮೀಟರನ್ನು ಲಕ್ಷ ಭಾಗ ಮಾಡಿದರೆ ಬರುವ ಒಂದು ಭಾಗಕ್ಕಿಂತಲೂ ಈ ಪೊರೆ ತೆಳುವಾದುದು. ಇದು ಜಿಡ್ಡಿನಿಂದ ಆದದ್ದು. ಎಣ್ಣೆಗೂ ನೀರಿಗೂ ಹೊಂದಿಕೆಯಿಲ್ಲವೆಂಬುದು ಅಡುಗೆಮನೆಯನ್ನು ಬಲ್ಲ ಯಾರಿಗೂ ಗೊತ್ತಿರುವ ಮಾತು. ಆದಕಾರಣ ನೀರಿನಲ್ಲಿ ಕರಗಿದ ಉಪ್ಪಾಗಲಿ ಸಕ್ಕರೆಯಾಗಲಿ ಈ ಜಿಡ್ಡಿನ ಗೋಡೆಯನ್ನು ತಾನಾಗಿ ದಾಟಲಾರದು. ದಾಟಲಾರದಿರುವುದೇ ಜೀವಕ್ಕೆ ರಕ್ಷೆ. ದಾಟಲೇಬೇಕಾದುದೂ ಜೀವಕ್ಕೆ ಅವಶ್ಯ. ಈ ಎರಡು ಅಗತ್ಯಗಳ ನಡುವೆ ಸಂಧಾನ ಮಾಡತಕ್ಕವುಗಳೇ ಪೊರೆಯಲ್ಲಿ ನಾಟಿಕೊಂಡಿರುವ ಸಾಗಣೆಯ ಪ್ರೋಟೀನುಗಳು. ಇವುಗಳಲ್ಲಿ ಕೆಲವು ಬರಿಯ ಕಾಲುವೆಗಳು. ತೆರೆದಾಗ ಹರಿಯಬಿಡುತ್ತವೆ, ಮುಚ್ಚಿದಾಗ ತಡೆಯುತ್ತವೆ. ಕೆಲವು ಹೊರೆಯಾಳುಗಳು; ಒಂದು ವಸ್ತುವನ್ನು ಹಿಡಿದು, ಮೈ ತಿರುಗಿಸಿ, ಆಚೆ ಇಳಿಸುತ್ತವೆ. ಇನ್ನು ಕೆಲವು ಏತಗಳು. ಶಕ್ತಿಯನ್ನು ವೆಚ್ಚ ಮಾಡಿ ತಗ್ಗಿನಿಂದ ದಿಣ್ಣೆಗೆ ಎತ್ತುತ್ತವೆ. ಹೊರೆಯಾಳುಗಳ ಒಂದು ದೊಡ್ಡ ವರ್ಗದಲ್ಲಿಯೇ ಮನುಷ್ಯನಲ್ಲಿ 400ಕ್ಕೂ ಮಿಕ್ಕಿದ ಬಗೆಗಳಿವೆ.

ಏತದ ಮಾತನ್ನು ಮೊದಲು ಹೇಳಬೇಕು. ಏಕೆಂದರೆ ಉಳಿದ ಅನೇಕ ಕೆಲಸಗಳು ಅದರ ಆಸರೆಯಿಂದಲೇ ನಡೆಯುತ್ತವೆ. 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಎಂಬ ವಿಜ್ಞಾನಿಯು ಏಡಿಯ ನರಗಳನ್ನು ಪರೀಕ್ಷಿಸುತ್ತಿರುವಾಗ, ಸೋಡಿಯಂ ಮತ್ತು ಪೊಟ್ಯಾಸಿಯಂ ಎರಡೂ ಇದ್ದಾಗ ಚುರುಕುಗೊಂಡು ಕೆಲಸಮಾಡುವ ಒಂದು ಪ್ರೋಟೀನನ್ನು ಕಂಡನು. ಅದು ಜೀವಕೋಶದ ಒಳಗಿನಿಂದ ಮೂರು ಸೋಡಿಯಂ ಕಣಗಳನ್ನು ಹೊರಗೆ ಹಾಕಿ, ಹೊರಗಿನಿಂದ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಗೆ ತರುತ್ತದೆ. ನಾವು ಸುಮ್ಮನೆ ಮಲಗಿರುವಾಗಲೂ ದೇಹವು ವೆಚ್ಚಮಾಡುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಭಾಗ ಅಥವಾ ಅದಕ್ಕೂ ಮಿಕ್ಕು ಈ ಏತವನ್ನು ಎಳೆಯುವುದಕ್ಕೇ ಹೋಗುತ್ತದೆ. ಈ ಕಾರ್ಯಕ್ಕಾಗಿ ಸ್ಕೌ ಅವರಿಗೆ ನಲವತ್ತು ವರ್ಷಗಳ ಬಳಿಕ, 1997ರಲ್ಲಿ, ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಏತವು ಉಪ್ಪನ್ನು ಹೀಗೆ ಸತತವಾಗಿ ಹೊರಗೆ ಎತ್ತಿ ಹಾಕುವುದರಿಂದ, ಜೀವಕೋಶದ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಕಡಿಮೆ. ಕೆರೆಯ ಏರಿಯ ಹಿಂದೆ ನೀರು ತುಂಬಿ ನಿಂತಂತೆ ಸೋಡಿಯಂ ಹೊರಗೆ ಒತ್ತಿ ನಿಂತಿರುತ್ತದೆ. ಎಲ್ಲಿಯಾದರೂ ಒಂದು ತೂಬು ತೆರೆದರೆ ಸಾಕು, ಅದು ರಭಸದಿಂದ ಒಳಗೆ ನುಗ್ಗುತ್ತದೆ. ಈ ರಭಸವನ್ನು ದೇಹವು ಹೇಗೆ ದುಡಿಸಿಕೊಳ್ಳುತ್ತದೆಂಬುದೇ ಈ ಲೇಖನದ ತಿರುಳು.

ವಾಚಕರೆ, ಇದೆಲ್ಲ ಪಂಡಿತರ ಚರ್ಚೆಗೆ ಬಿಟ್ಟ ವಿಷಯವೆಂದು ತಾವು ಭಾವಿಸಬಾರದು. ಒಮ್ಮೆ ಹಳ್ಳಿಯ ಆರೋಗ್ಯ ಶಿಬಿರದಲ್ಲಿ, ಭೇದಿಯಿಂದ ಬಾಡಿದ ಕೂಸನ್ನು ಮಡಿಲಲ್ಲಿಟ್ಟುಕೊಂಡ ತಾಯಿಯೊಬ್ಬಳು ನನ್ನನ್ನು ಕೇಳಿದಳು: "ಹೊಟ್ಟಿ ಮೊದಲ ನೀರಾಗಿ ಹರಿಯಾಕತ್ತೈತ್ರಿ. ಮ್ಯಾಲೆ ನೀರು ಕುಡಿಸಿದರ ಭೇದಿ ಇನ್ನಷ್ಟು ಹೆಚ್ಚಾಗೂದಿಲ್ಲೇನ್ರಿ?" ಆಕೆಯ ಪ್ರಶ್ನೆ ಮೂಢತನದ್ದಲ್ಲ. ಸೋರುವ ಗಡಿಗೆಗೆ ನೀರು ಸುರಿದು ಪ್ರಯೋಜನವೇನೆಂಬುದು ಲೋಕಾನುಭವದ ನ್ಯಾಯವೇ ಆಗಿದೆ. ದೊಡ್ಡ ದೊಡ್ಡ ವೈದ್ಯರು ಕೂಡ ಈ ಪ್ರಶ್ನೆಗೆ ಬಹುಕಾಲ ಸಮರ್ಪಕವಾದ ಉತ್ತರವನ್ನು ಕೊಡಲಾರದೆ ಇದ್ದರು. ಉತ್ತರವು ದೊರೆತದ್ದು ಕರುಳಿನ ಜೀವಕೋಶದ ಹೊಸಿಲಿನಲ್ಲಿ.

ನಾವು ಒಂದು ದಿನದಲ್ಲಿ ಕುಡಿಯುವ ಉಣ್ಣುವ ದ್ರವವು ಸುಮಾರು 2 ಲೀಟರು. ಆದರೆ ಜೊಲ್ಲು, ಜಠರರಸ, ಪಿತ್ತ, ಕರುಳಿನ ರಸ ಇವೆಲ್ಲ ಸೇರಿ ಇನ್ನೂ ಸುಮಾರು 7 ಲೀಟರು ದೇಹದೊಳಗಿನಿಂದಲೇ ಕರುಳಿಗೆ ಬಂದು ಬೀಳುತ್ತದೆ. ಈ 8-9 ಲೀಟರುಗಳಲ್ಲಿ ಮಲದೊಡನೆ ಹೊರಗೆ ಹೋಗುವುದು 100ರಿಂದ 200 ಮಿಲಿಲೀಟರು ಮಾತ್ರ. ಉಳಿದುದೆಲ್ಲವನ್ನೂ ಕರುಳು ಮರಳಿ ಒಳಕ್ಕೆ ಸೆಳೆದುಕೊಳ್ಳುತ್ತದೆ. ನೀರನ್ನು ಸೆಳೆಯುವ ಪ್ರತ್ಯೇಕ ಏತವು ದೇಹದಲ್ಲಿಲ್ಲ. ನೀರು ಉಪ್ಪಿನ ಬೆನ್ನು ಹತ್ತಿ ಹೋಗುತ್ತದೆ. ಉಪ್ಪು ಒಳಗೆ ಹೋದರೆ ನೀರು ಒಳಗೆ. ಉಪ್ಪು ಹೊರಗೆ ಬಂದರೆ ನೀರು ಹೊರಗೆ. ಹಾಗಾದರೆ ಉಪ್ಪು ಒಳಗೆ ಹೋಗುವ ಬಾಗಿಲು ಯಾವುದು?

1960ರಲ್ಲಿ ಪ್ರಾಗ್ ನಗರದಲ್ಲಿ ಸೇರಿದ ವಿದ್ವಾಂಸರ ಗೋಷ್ಠಿಯೊಂದರಲ್ಲಿ ಅಮೆರಿಕದ ರಾಬರ್ಟ್ ಕ್ರೇನ್ ಎಂಬವರು ಒಂದು ಹೊಸ ವಿಚಾರವನ್ನು ಮಂಡಿಸಿದರು. ಕರುಳಿನ ಜೀವಕೋಶದ ಪೊರೆಯಲ್ಲಿ ಸಕ್ಕರೆಯನ್ನು ಒಳಗೆ ಒಯ್ಯುವ ಒಂದು ಬಾಗಿಲುಂಟು. ಆದರೆ ಅದು ಸಕ್ಕರೆಯೊಂದೇ ಬಂದರೆ ತೆರೆಯದು, ಸೋಡಿಯಂ ಜತೆಯಲ್ಲಿದ್ದರೆ ಮಾತ್ರ ತೆರೆಯುವುದು ಎಂದು ಅವರು ಸೂಚಿಸಿದರು. ಏತವು ಹೊರಗೆ ತುಂಬಿ ನಿಲ್ಲಿಸಿದ ಸೋಡಿಯಂ, ಈ ತೂಬಿನ ಮೂಲಕ ಒಳಗೆ ನುಗ್ಗುವಾಗ, ಗ್ಲೂಕೋಸನ್ನು ಕೈಹಿಡಿದು ಕರೆದೊಯ್ಯುತ್ತದೆ. ಒಂದು ಗ್ಲೂಕೋಸಿಗೆ ಎರಡು ಸೋಡಿಯಂ ಕಣಗಳು ಜತೆಗಾರರೆಂದು ಅನಂತರ ಗೊತ್ತಾಯಿತು. 1987ರಲ್ಲಿ ಅರ್ನೆಸ್ಟ್ ರೈಟ್ ಅವರ ತಂಡವು ಈ ಬಾಗಿಲಿನ ವಂಶವಾಹಿಯನ್ನೇ ಬೇರ್ಪಡಿಸಿ ತೋರಿಸಿತು. ಇದಕ್ಕೆ ಎಸ್‌.ಜಿ.ಎಲ್‌.ಟಿ.-1 ಎಂದು ಹೆಸರು. ಉಪ್ಪಿಲ್ಲದೆ ಸಕ್ಕರೆಗೆ ಪ್ರವೇಶವಿಲ್ಲ, ಸಕ್ಕರೆಯಿಲ್ಲದೆ ಈ ಬಾಗಿಲಿನಲ್ಲಿ ಉಪ್ಪಿಗೂ ಪ್ರವೇಶವಿಲ್ಲ. ಇವರಿಬ್ಬರೂ ಕೂಡಿ ಒಳಗೆ ಹೊಕ್ಕರೆ ನೀರು ತಾನಾಗಿ ಹಿಂದೆ ಬರುತ್ತದೆ.

ಈಗ ಕಾಲರಾ ರೋಗದಲ್ಲಿ ಏನಾಗುತ್ತದೆಂಬುದನ್ನು ನೋಡೋಣ. 1959ರಲ್ಲಿ ಕಲ್ಕತ್ತೆಯ ಡಾ. ಶಂಭುನಾಥ ಡೇ ಅವರು, ಮೊಲದ ಕರುಳಿನ ಮೇಲೆ ಪ್ರಯೋಗ ನಡೆಯಿಸಿ, ಕಾಲರಾ ಕ್ರಿಮಿಯು ಹೊರಚೆಲ್ಲುವ ಒಂದು ವಿಷವೇ ಈ ರೋಗಕ್ಕೆ ಕಾರಣವೆಂದು ಸಿದ್ಧಪಡಿಸಿದರು. ಆ ವಿಷವು ಕರುಳನ್ನು ಕೊರೆಯುವುದಿಲ್ಲ, ಸುಡುವುದಿಲ್ಲ. ಅದು ಮಾಡುವುದು ದ್ವಾರಪಾಲಕರ ಮೇಲಿನ ಮೋಸ. ಕರುಳಿನ ಜೀವಕೋಶದಿಂದ ಕ್ಲೋರೈಡನ್ನು ಹೊರಬಿಡುವ ಸಿ.ಎಫ್‌.ಟಿ.ಆರ್. ಎಂಬ ಕಾಲುವೆಯನ್ನು ಅದು ಮುಚ್ಚದಂತೆ ತೆರೆದಿಡುತ್ತದೆ. ಉಪ್ಪನ್ನು ಒಳಗೆ ಕರೆಯುವ ಸಾಮಾನ್ಯ ದಾರಿಯನ್ನು ತಡೆಯುತ್ತದೆ. ಉಪ್ಪು ಹೊರಗೆ ಹರಿಯುತ್ತದೆ, ನೀರು ಅದರ ಹಿಂದೆ ಹರಿಯುತ್ತದೆ. ಉಗ್ರವಾದ ಕಾಲರಾದಲ್ಲಿ ಬೆಳೆದ ಮನುಷ್ಯನಿಂದ ಗಂಟೆಗೆ ಒಂದು ಲೀಟರಿನಷ್ಟು ನೀರು ಹೋಗುವುದೂ ಉಂಟು. ಬೆಳಿಗ್ಗೆ ಹೊಲಕ್ಕೆ ಹೋದವನು ಸಂಜೆಗೆ ಇಲ್ಲವಾಗುವುದು ಹೀಗೆ.

ಆದರೆ ಒಂದು ಆಶ್ಚರ್ಯವುಂಟು. ಇಷ್ಟೆಲ್ಲ ಅನಾಹುತದ ನಡುವೆಯೂ ಆ ವಿಷವು ಉಪ್ಪು-ಸಕ್ಕರೆಗಳ ಜೋಡಿಬಾಗಿಲನ್ನು ಮುಟ್ಟುವುದಿಲ್ಲ. ಎಲ್ಲ ಕಾವಲುಗಾರರೂ ಮೋಸಹೋದ ಮೇಲೆಯೂ ಈ ಒಬ್ಬನು ತನ್ನ ಕಾಯಕವನ್ನು ಬಿಡದೆ ನಿಂತಿರುತ್ತಾನೆ. ಬರಿಯ ನೀರನ್ನು ಕುಡಿಸಿದರೆ ಕರುಳು ಅದನ್ನು ಸಾಕಷ್ಟು ಹಿಡಿದುಕೊಳ್ಳಲಾರದು. ಬರಿಯ ಉಪ್ಪುನೀರೂ ಅಷ್ಟೆ. ತಕ್ಕ ಪ್ರಮಾಣದಲ್ಲಿ ಉಪ್ಪು ಮತ್ತು ಸಕ್ಕರೆಯನ್ನು ಕೂಡಿಸಿ ಕೊಟ್ಟರೆ, ಅವನು ಬಾಗಿಲು ತೆರೆದು ಉಪ್ಪು, ಸಕ್ಕರೆ, ನೀರು ಮೂರನ್ನೂ ಒಳಗೆ ಬರಮಾಡಿಕೊಳ್ಳುತ್ತಾನೆ. ಆ ತಾಯಿಯ ಪ್ರಶ್ನೆಗೆ ಇದೇ ಉತ್ತರ. ಗಡಿಗೆ ಸೋರುತ್ತಿರುವುದು ನಿಜ. ಆದರೆ ಸೋರುವ ದಾರಿ ಬೇರೆ, ತುಂಬುವ ದಾರಿ ಬೇರೆ. ಸೋರಿಕೆ ನಿಲ್ಲುವ ತನಕ ತುಂಬುತ್ತಲೇ ಇದ್ದರೆ ಜೀವ ಉಳಿಯುತ್ತದೆ. ರೋಗವು ಕೆಲವು ದಿನಗಳಲ್ಲಿ ತಾನಾಗಿ ಹಿಂಜರಿಯುತ್ತದೆ.

ನಮ್ಮ ಬಾಲ್ಯದಲ್ಲಿ ಈ ತಿಳಿವಳಿಕೆ ಊರಿಗೆ ಬಂದಿರಲಿಲ್ಲ. ಬೇಸಗೆಯ ಕೊನೆಗೆ, ಮೊದಲ ಮಳೆಯ ಹೊಸನೀರು ಹಳ್ಳಕ್ಕೆ ಬರುವ ಹೊತ್ತಿಗೆ, ನಮ್ಮ ಕೇರಿಯಲ್ಲಿ ವಾಂತಿಭೇದಿ ಕಾಣಿಸಿಕೊಳ್ಳುತ್ತಿತ್ತು. ಬಾಯಾರಿ ಬಾಯಾರಿ ನೀರು ಬೇಡುತ್ತಿದ್ದ ರೋಗಿಗೆ, ನೀರು ಕೊಟ್ಟರೆ ಪ್ರಮಾದವೆಂದು ಹಿರಿಯರು ಒದ್ದೆ ಅರಿವೆಯಿಂದ ತುಟಿಯನ್ನು ಒರೆಸುತ್ತಿದ್ದರು. ಪಕ್ಕದ ಮನೆಯ ನನ್ನ ಓರಗೆಯ ಹುಡುಗನೊಬ್ಬನು ಒಂದು ರಾತ್ರಿ ನೀರು ನೀರು ಎಂದು ಕೂಗುತ್ತಿದ್ದುದು ನಮ್ಮ ಪಡಸಾಲೆಗೆ ಕೇಳಿಸುತ್ತಿತ್ತು. ನಸುಕಿನ ಹೊತ್ತಿಗೆ ಕೂಗು ನಿಂತಿತು. ಅವನ ಅವ್ವನಷ್ಟು ಮಮತೆಯುಳ್ಳ ಹೆಣ್ಣುಮಗಳನ್ನು ನಾನು ಕಂಡಿಲ್ಲ. ನೀರನ್ನು ತಡೆದಿದ್ದು ಆಕೆಯ ನಿಷ್ಠುರತೆಯಲ್ಲ, ಮಮತೆಯೇ. ಅಜ್ಞಾನವು ಎಷ್ಟೋ ವೇಳೆ ಮಮತೆಯ ವೇಷದಲ್ಲಿಯೇ ಬರುತ್ತದೆಂಬುದನ್ನು ಅಂದಿನಿಂದ ನಾನು ಮರೆತಿಲ್ಲ. ಆ ಮನೆಯಲ್ಲಿ ಉಪ್ಪಿತ್ತು, ಬೆಲ್ಲವಿತ್ತು, ಒಲೆಯಿತ್ತು, ನೀರಿತ್ತು. ಇರದಿದ್ದುದು ಒಂದು ಮಾತು ಮಾತ್ರ.

ಆ ಮಾತನ್ನು ಲೋಕಕ್ಕೆ ತಂದವರಲ್ಲಿ ನಮ್ಮ ದೇಶದವರ ಪಾಲು ದೊಡ್ಡದು. 1953ರಲ್ಲಿಯೇ ಕಲ್ಕತ್ತೆಯ ಡಾ. ಹೇಮೇಂದ್ರನಾಥ ಚಟರ್ಜಿಯವರು ಕಾಲರಾ ರೋಗಿಗಳಿಗೆ ಬಾಯಿಯ ಮೂಲಕವೇ ಉಪ್ಪು-ಗ್ಲೂಕೋಸುಗಳ ದ್ರವವನ್ನು ಕೊಟ್ಟು ಗುಣಪಡಿಸಿದ ವರದಿಯನ್ನು ಪ್ರಕಟಿಸಿದ್ದರು. ಅದರ ಹಿಂದಿನ ಕಾರಣವು ಆಗ ತಿಳಿಯದಿದ್ದುದರಿಂದ ಲೋಕವು ಅದನ್ನು ಗಮನಿಸಲಿಲ್ಲ. 1968ರಲ್ಲಿ ಢಾಕಾ ನಗರದಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ತರುಣ ವೈದ್ಯರು ಈ ಚಿಕಿತ್ಸೆಯ ಫಲವನ್ನು ಕ್ರಮಬದ್ಧವಾಗಿ ತೋರಿಸಿದರು. ಆದರೂ ಆಸ್ಪತ್ರೆಯ ಹೊರಗೆ, ವೈದ್ಯರಿಲ್ಲದ ಸ್ಥಳದಲ್ಲಿ, ಇದನ್ನು ನಂಬಿ ಕೊಡುವ ಧೈರ್ಯ ಅನೇಕರಿಗೆ ಇರಲಿಲ್ಲ.

ಆ ಧೈರ್ಯವನ್ನು ಕಾಲವೇ ತಂದಿತು. 1971ರಲ್ಲಿ ಬಾಂಗ್ಲಾದೇಶದ ವಿಮೋಚನೆಯ ಯುದ್ಧದಿಂದ ನಿರಾಶ್ರಿತರಾದ ಲಕ್ಷೋಪಲಕ್ಷ ಜನ ಪಶ್ಚಿಮ ಬಂಗಾಳದ ಗಡಿಯೊಳಕ್ಕೆ ಹರಿದು ಬಂದರು. ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಗಡಿಯ ಬನಗಾಂವ್ ಪಟ್ಟಣದ ಆಸ್ಪತ್ರೆಗೆ ಡಾ. ದಿಲೀಪ್ ಮಹಾಲನಬಿಸ್ ಅವರು ಹೋದಾಗ, ರೋಗಿಗಳು ನೆಲದ ಮೇಲೆಯೇ ಮಲಗಿದ್ದರು. ರಕ್ತನಾಳದ ಮೂಲಕ ಕೊಡುವ ಸಲೈನು ಮುಗಿಯುತ್ತ ಬಂದಿತ್ತು. ಕೊಡಬಲ್ಲ ಕೈಗಳೂ ಸಾಲದಾಗಿದ್ದವು. ಆಗ ಅವರು ಒಂದು ಲೀಟರು ನೀರಿಗೆ 22 ಗ್ರಾಂ ಗ್ಲೂಕೋಸು, 3.5 ಗ್ರಾಂ ಅಡುಗೆಯ ಉಪ್ಪು, 2.5 ಗ್ರಾಂ ಸೋಡಾ ಈ ಪ್ರಮಾಣದ ಪುಡಿಯನ್ನು ಪೊಟ್ಟಣ ಕಟ್ಟಿಸಿ ತರಿಸಿದರು. ಪೀಪಾಯಿಗಳಲ್ಲಿ ಕಲಸಿ, ನಲ್ಲಿ ಇಡಿಸಿ, ರೋಗಿಗಳ ಬಂಧುಗಳ ಕೈಗೇ ಲೋಟ ಕೊಟ್ಟರು. ತಾಯಂದಿರು, ಅಕ್ಕಂದಿರು, ಗಂಡಂದಿರು ತಮ್ಮ ತಮ್ಮವರಿಗೆ ಕುಡಿಸಿದರು. ಶೇಕಡಾ 30ರವರೆಗೆ ಏರಿದ್ದ ಮರಣವು ಅವರ ಆರೈಕೆಯಲ್ಲಿದ್ದವರಲ್ಲಿ ಶೇಕಡಾ 3.6ಕ್ಕೆ ಇಳಿಯಿತು. 1978ರಲ್ಲಿ ಲಂಡನ್ನಿನ ಪ್ರಸಿದ್ಧ ವೈದ್ಯಪತ್ರಿಕೆಯಾದ ಲ್ಯಾನ್ಸೆಟ್, ಕರುಳಿನಲ್ಲಿ ಉಪ್ಪು-ಸಕ್ಕರೆಗಳ ಈ ಜತೆಗಾರಿಕೆಯ ಶೋಧವು ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆಯಾಗಬಲ್ಲದೆಂದು ಬರೆಯಿತು. ಮಹಾಲನಬಿಸ್ ಅವರು 2022ರ ಅಕ್ಟೋಬರಿನಲ್ಲಿ ನಿಧನರಾದರು; 2023ರಲ್ಲಿ ರಾಷ್ಟ್ರವು ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣವನ್ನಿತ್ತು ಗೌರವಿಸಿತು.

1980ರ ದಶಕದಲ್ಲಿ ಬಾಂಗ್ಲಾದೇಶದ ಬ್ರಾಕ್ ಎಂಬ ಸಂಸ್ಥೆಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಮೂರು ಬೆರಳ ಚಿಟಿಕೆ ಉಪ್ಪು, ಒಂದು ಮುಷ್ಟಿ ಬೆಲ್ಲ, ಅರ್ಧ ಸೇರು ನೀರು ಎಂಬ ಲೆಕ್ಕವನ್ನು ಒಂದು ಕೋಟಿಗೂ ಮಿಕ್ಕಿದ ಮನೆಗಳ ತಾಯಂದಿರಿಗೆ ಕಲಿಸಿದರು. ಜಗತ್ತಿನಲ್ಲಿ 1980ರ ಸುಮಾರಿಗೆ ವರ್ಷಕ್ಕೆ 40 ಲಕ್ಷಕ್ಕೂ ಮಿಕ್ಕಿ ಐದು ವರ್ಷದೊಳಗಿನ ಮಕ್ಕಳು ಭೇದಿಯಿಂದ ತೀರಿಕೊಳ್ಳುತ್ತಿದ್ದರು. ಇಂದು ಆ ಸಂಖ್ಯೆ ವರ್ಷಕ್ಕೆ ನಾಲ್ಕೈದು ಲಕ್ಷದ ಆಸುಪಾಸಿಗೆ ಇಳಿದಿದೆ. ಶುದ್ಧವಾದ ನೀರು, ಲಸಿಕೆ, ಪೌಷ್ಟಿಕ ಆಹಾರ ಇವುಗಳ ಪಾಲೂ ಇದರಲ್ಲುಂಟು. ಆದರೂ ಉಳಿದಿರುವ ಲಕ್ಷಗಳಲ್ಲಿ ಒಂದೊಂದೂ ಒಬ್ಬ ತಾಯಿಯ ಮಡಿಲೆಂಬುದನ್ನು ಮರೆಯಲಾಗದು.

ಆದುದರಿಂದ ವಾಚಕರು ಕೆಳಗಿನ ವಿಷಯವನ್ನು ಚೆನ್ನಾಗಿ ನೆನಪಿಡಬೇಕೆಂದು ಪ್ರಾರ್ಥನೆ. ವಿಶ್ವ ಆರೋಗ್ಯ ಸಂಸ್ಥೆಯ ಇಂದಿನ ಸೂತ್ರದಂತೆ ತಯಾರಾದ ಓ.ಆರ್‌.ಎಸ್. ಪೊಟ್ಟಣದಲ್ಲಿ ಒಂದು ಲೀಟರು ನೀರಿಗೆ 13.5 ಗ್ರಾಂ ಗ್ಲೂಕೋಸು, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡು, 2.9 ಗ್ರಾಂ ಸಿಟ್ರೇಟು ಇರುತ್ತವೆ. ಇದು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ದೊರೆಯುತ್ತದೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಇಡೀ ಪೊಟ್ಟಣವನ್ನು ಕಲಸತಕ್ಕದ್ದು. ಕಲಸಿದುದನ್ನು 24 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲತಕ್ಕದ್ದು. ಪೊಟ್ಟಣವು ಸಿಗದ ಪಕ್ಷದಲ್ಲಿ, ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಸಣ್ಣ ಚಮಚದಿಂದ ಮಟ್ಟಸವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕದಡಬೇಕು. ಪ್ರತಿ ಸಲ ಭೇದಿಯಾದ ಬಳಿಕ ಎರಡು ವರ್ಷದೊಳಗಿನ ಕೂಸಿಗೆ 50ರಿಂದ 100 ಮಿಲಿಲೀಟರು, ಎರಡರಿಂದ ಹತ್ತು ವರ್ಷದ ಮಕ್ಕಳಿಗೆ 100ರಿಂದ 200 ಮಿಲಿಲೀಟರು ಕೊಡಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು, ಚಮಚ ಚಮಚವಾಗಿ ಮತ್ತೆ ಆರಂಭಿಸಬೇಕು. ಎದೆಹಾಲನ್ನಾಗಲಿ ಊಟವನ್ನಾಗಲಿ ನಿಲ್ಲಿಸಕೂಡದು. ಉಪ್ಪು ಹಾಕಿದ ಅಕ್ಕಿಯ ಗಂಜಿಯೂ ಹಿತಕರ. ಗಂಜಿಯ ಪಿಷ್ಟವು ಕರುಳಿನಲ್ಲಿ ಮೆಲ್ಲಮೆಲ್ಲನೆ ಗ್ಲೂಕೋಸಾಗಿ ಅದೇ ಜೋಡಿಬಾಗಿಲಿಗೆ ಒದಗುತ್ತದೆ. ಮಕ್ಕಳಿಗೆ ವೈದ್ಯರ ಸಲಹೆಯಂತೆ ಸತುವಿನ ಮಾತ್ರೆಯನ್ನೂ 10ರಿಂದ 14 ದಿನ ಕೊಡುವುದುಂಟು.

ಇಲ್ಲಿ ಹೆಚ್ಚು ಹಾಕಿದರೆ ಹೆಚ್ಚು ಗುಣವೆಂಬ ನ್ಯಾಯವು ಸಲ್ಲದು. ಸಕ್ಕರೆ ಹೆಚ್ಚಾದರೆ, ಬಾಗಿಲಿನಲ್ಲಿ ಹಿಡಿಸದೆ ಉಳಿದ ಸಕ್ಕರೆಯು ದೇಹದ ನೀರನ್ನೇ ಕರುಳಿಗೆ ಎಳೆದು ಭೇದಿಯನ್ನು ಬೆಳೆಸುತ್ತದೆ. ಉಪ್ಪು ಹೆಚ್ಚಾದರೆ ಕೂಸಿನ ಮಿದುಳಿಗೇ ಅಪಾಯ. ಈ ಕಾರಣದಿಂದಲೇ ಅಂಗಡಿಯ ಸಿಹಿಪಾನೀಯಗಳು ಇದಕ್ಕೆ ಬದಲಾಗಲಾರವು. ಕೆಲವು ಸಿಹಿಪಾನೀಯಗಳು ಓ.ಆರ್‌.ಎಸ್. ಎಂಬ ಅಕ್ಷರಗಳನ್ನೇ ಹೆಸರಿನಲ್ಲಿ ಧರಿಸಿ ಮಾರಾಟವಾಗುತ್ತಿದ್ದುದನ್ನು ಕಂಡು, 2025ರ ಅಕ್ಟೋಬರಿನಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು, ಸೂತ್ರಕ್ಕೆ ಹೊಂದದ ಪಾನೀಯಗಳಿಗೆ ಆ ಅಕ್ಷರಗಳನ್ನು ಬಳಸಕೂಡದೆಂದು ಆಜ್ಞೆ ಮಾಡಿತು. ಕೂಸು ಕುಡಿಯಲಾರದಷ್ಟು ಮಂಪರಾಗಿದ್ದರೆ, ಕಣ್ಣು ಗುಳಿಬಿದ್ದು ಮೂತ್ರ ನಿಂತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮನೆಯಲ್ಲಿ ಕಾಯದೆ ದವಾಖಾನೆಗೆ ಒಯ್ಯಲೇಬೇಕು. ದಾರಿಯಲ್ಲಿಯೂ, ಎಚ್ಚರವಿದ್ದು ನುಂಗಬಲ್ಲುದಾದರೆ, ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು.

ಈ ಬಾಗಿಲು ಮನುಷ್ಯನ ಸ್ವತ್ತಲ್ಲ; ಸಸ್ತನಿಗಳ ಕುಲಕ್ಕೆಲ್ಲ ಸೇರಿದ್ದು. ಹಟ್ಟಿಯ ಎಳೆಗರುವಿಗೆ ಭೇದಿ ಹತ್ತಿದಾಗ ಪಶುವೈದ್ಯರು ಉಪ್ಪು-ಗ್ಲೂಕೋಸುಗಳ ದ್ರವವನ್ನು ಕುಡಿಸುವುದು ಇದೇ ತತ್ತ್ವದ ಮೇಲೆ. ಹಾಲುಗರುವಿನಲ್ಲಿ ಹಾಲು ಮೊದಲ ಹೊಟ್ಟೆಯನ್ನು ಬಿಟ್ಟು ನೇರವಾಗಿ ನಾಲ್ಕನೆಯದಕ್ಕೆ ಇಳಿದು, ಸಕ್ಕರೆಯು ಸಣ್ಣ ಕರುಳಿಗೆ ತಲುಪುತ್ತದೆ. ಬೆಳೆದ ಹಸುವಿನಲ್ಲಾದರೋ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳೇ ಸಕ್ಕರೆಯನ್ನು ಹುಳಿಯಿಸಿ ಮುಗಿಸಿಬಿಡುವುದರಿಂದ ಅದಕ್ಕೆ ಬೇರೆ ಕ್ರಮ. ಇನ್ನು, ಅತಿ ವಿರಳವಾಗಿ ಕೆಲವು ಶಿಶುಗಳು ಈ ಬಾಗಿಲೇ ಕೆಟ್ಟು ಹುಟ್ಟುವುದುಂಟು. ತಾಯಿಯ ಹಾಲೇ ಅವಕ್ಕೆ ಭೇದಿಯನ್ನು ತರುತ್ತದೆ; ಹಾಲಿನ ಸಕ್ಕರೆಯು ಒಡೆದು ಆಗುವ ಗ್ಲೂಕೋಸು ಮತ್ತು ಗ್ಯಾಲಕ್ಟೋಸು ಎರಡೂ ಒಳಗೆ ಹೋಗಲಾರವು. ಆದರೆ ಹಣ್ಣಿನ ಸಕ್ಕರೆಯಾದ ಫ್ರಕ್ಟೋಸಿಗೆ ಬೇರೊಬ್ಬ ದ್ವಾರಪಾಲಕನಿರುವುದರಿಂದ, ಆ ಸಕ್ಕರೆಯಿರುವ ಆಹಾರದಿಂದ ಅಂಥ ಶಿಶುಗಳು ಬೆಳೆಯುತ್ತವೆ. ಒಂದು ಬಾಗಿಲು ಮುಚ್ಚಿದ ಮನೆಗೆ ಇನ್ನೊಂದು ಬಾಗಿಲನ್ನು ಹುಡುಕಿದ ವೈದ್ಯರ ಕಾರುಣ್ಯವೂ ವಿವೇಕವೂ ಸ್ಮರಣೀಯ.

ಕಾಲರಾದಲ್ಲಿ ಅತಿಯಾಗಿ ತೆರೆದು ಕೊಲ್ಲುವ ಸಿ.ಎಫ್‌.ಟಿ.ಆರ್. ಕಾಲುವೆಯ ಮಾತನ್ನು ಮೇಲೆ ಹೇಳಿದೆನಷ್ಟೆ. ಅದೇ ಕಾಲುವೆಯು ಹುಟ್ಟಿನಿಂದಲೇ ತೆರೆಯದಿದ್ದರೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಇನ್ನೊಂದು ಕ್ರೂರರೋಗ. ನೀರು ಸಾಲದೆ ಶ್ವಾಸಕೋಶದ ಲೋಳೆಯು ಗಟ್ಟಿಯಾಗುತ್ತದೆ, ಸೋಂಕು ನೆಲೆಗೊಳ್ಳುತ್ತದೆ, ಜೀರ್ಣರಸದ ನಾಳಗಳು ಕಟ್ಟುತ್ತವೆ. ಬೆವರು ಮಾತ್ರ ವಿಪರೀತ ಉಪ್ಪಾಗಿರುತ್ತದೆ. ಹಣೆಗೆ ಮುತ್ತಿಟ್ಟಾಗ ಉಪ್ಪುಪ್ಪಾದ ಮಗು ಬಹುಕಾಲ ಬದುಕದೆಂದು ಯುರೋಪಿನ ಹಳೆಯ ಕಾಲದ ಜನ ನಂಬಿದ್ದರು. 1989ರಲ್ಲಿ ಇದರ ವಂಶವಾಹಿಯು ಪತ್ತೆಯಾಯಿತು. 2012ರಿಂದ ಈಚೆಗೆ, ಕೆಟ್ಟ ಬಾಗಿಲಿನ ತಿರುಗಣಿಯನ್ನೇ ಸರಿಪಡಿಸುವಂಥ ಔಷಧಿಗಳು ಬಂದಿವೆ. ಆದರೆ ಅವುಗಳ ಬೆಲೆಯು ಬಡವರ ಕೈಗೆ ಎಟುಕುವಂಥದಲ್ಲ. ತೆರೆಯುವುದೇ ಒಳ್ಳೆಯದು, ಮುಚ್ಚುವುದೇ ಕೆಟ್ಟದು ಎಂಬ ನಿಯಮವು ದೇಹದಲ್ಲಿಲ್ಲ. ತಕ್ಕ ಹೊತ್ತಿಗೆ ತೆರೆಯುವುದು, ತಕ್ಕ ಹೊತ್ತಿಗೆ ಮುಚ್ಚುವುದು, ಇದೇ ಆರೋಗ್ಯ.

ಕೊನೆಯದಾಗಿ ಮೂತ್ರಪಿಂಡದ ಮಾತು. ಇದು ನಮ್ಮ ಭಕ್ತವೃಂದದಲ್ಲಿ ಅನೇಕರಿಗೆ ನೇರವಾಗಿ ಸಂಬಂಧಿಸಿದುದು. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರೊಡನೆ ಸುಮಾರು 180 ಗ್ರಾಂ ಗ್ಲೂಕೋಸು ಸೋಸಿ ಬರುತ್ತದೆ. ಅದರಲ್ಲಿ ಬಹುಪಾಲನ್ನು ಜೋಡಿಬಾಗಿಲಿನ ತಮ್ಮನಾದ ಎಸ್‌.ಜಿ.ಎಲ್‌.ಟಿ.-2 ಎಂಬುದು ಮರಳಿ ರಕ್ತಕ್ಕೆ ಸೇರಿಸುತ್ತದೆ; ಒಂದು ಹರಳನ್ನೂ ಪೋಲುಮಾಡದ ಮಿತವ್ಯಯಿ ಇದು. ಆದರೆ ಮಧುಮೇಹಿಯಲ್ಲಿ ಈ ಮಿತವ್ಯಯವೇ ಮುಳುವಾಗುತ್ತದೆ. ಹೆಚ್ಚಾದ ಸಕ್ಕರೆಯನ್ನೂ ಅದು ಮನೆಯೊಳಕ್ಕೇ ಕೂಡಿಹಾಕುತ್ತದೆ. 1835ರಲ್ಲಿ ಯುರೋಪಿನ ರಸಾಯನಜ್ಞರು ಸೇಬಿನ ಮರದ ತೊಗಟೆಯಿಂದ ಫ್ಲೋರಿಝಿನ್ ಎಂಬ ಕಹಿಪದಾರ್ಥವನ್ನು ತೆಗೆದಿದ್ದರು. 1886ರಲ್ಲಿ ಜರ್ಮನಿಯ ಫಾನ್ ಮೇರಿಂಗ್ ಅದನ್ನು ನಾಯಿಗಳಿಗೆ ಕೊಟ್ಟಾಗ ಮೂತ್ರದಲ್ಲಿ ಸಕ್ಕರೆ ಹೋಗುವುದನ್ನು ಕಂಡನು. ಆ ಕಹಿಯು ಈ ಬಾಗಿಲನ್ನು ಮುಚ್ಚುತ್ತದೆಂಬುದು ಅರ್ಥವಾಗಲು ಇನ್ನೂ ಬಹಳ ಕಾಲ ಹಿಡಿಯಿತು. ಅದರ ಮಾದರಿಯ ಮೇಲೆ ತಯಾರಾದ ಡಾಪಾಗ್ಲಿಫ್ಲೋಜಿನ್ ಮೊದಲಾದ ಮಾತ್ರೆಗಳು 2012ರಿಂದ ಬಳಕೆಗೆ ಬಂದವು. ಅವು ಸಕ್ಕರೆಯನ್ನು ಇಳಿಸುವುದಲ್ಲದೆ, ದಣಿದ ಹೃದಯಕ್ಕೂ ಸೊರಗಿದ ಮೂತ್ರಪಿಂಡಕ್ಕೂ, ಮಧುಮೇಹವಿಲ್ಲದವರಲ್ಲಿ ಕೂಡ, ಹಿತವೆಂದು 2019 ಮತ್ತು 2020ರ ದೊಡ್ಡ ಪರೀಕ್ಷೆಗಳಿಂದ ಶ್ರುತಪಟ್ಟಿದೆ. 2020ರಲ್ಲಿ ಅದರ ಪೇಟೆಂಟು ಮುಗಿದ ಮೇಲೆ ನಮ್ಮ ದೇಶದಲ್ಲಿ ಇದು ಕಡಿಮೆ ಬೆಲೆಗೂ ಸಿಗುತ್ತದೆ.

ಇಲ್ಲಿ ನಾನೊಂದು ಎಚ್ಚರಿಕೆಯನ್ನು ಹೇಳದೆ ಇರಲಾರೆ. ಈ ಮಾತ್ರೆಯನ್ನು ಸೇವಿಸುವವರು ಶಿವರಾತ್ರಿಯ ಅಥವಾ ಶ್ರಾವಣದ ನಿರಾಹಾರ ವ್ರತವನ್ನು ಹಿಡಿಯುವ ಮುನ್ನ ವೈದ್ಯರನ್ನು ಕೇಳಲೇಬೇಕು. ಉಪವಾಸದಲ್ಲಾಗಲಿ, ವಾಂತಿಭೇದಿ ಹತ್ತಿದಾಗಲಾಗಲಿ ಇದನ್ನು ಮುಂದುವರಿಸಿದರೆ, ದೇಹದ ನೀರು ಬತ್ತುವುದಲ್ಲದೆ ರಕ್ತವು ಆಮ್ಲಮಯವಾಗುವ ಅಪಾಯವುಂಟು. ಆಗ ಸಕ್ಕರೆಯ ಅಂಕೆ ಅಷ್ಟೇನೂ ಏರಿರದ ಕಾರಣ ರೋಗಿಗೂ ಮನೆಯವರಿಗೂ ಅಪಾಯವು ತಿಳಿಯದೆ ಹೋಗುತ್ತದೆ. ಕಾಯವನ್ನು ದಂಡಿಸಿ ದೇವರನ್ನು ಮೆಚ್ಚಿಸಬೇಕಾಗಿಲ್ಲವೆಂಬ ತಿಳಿವನ್ನು ಕೊಟ್ಟ ಪರಂಪರೆ ನಮ್ಮದು. ವೈದ್ಯರ ಮಾತಿನಂತೆ ಫಲಾಹಾರ ಸ್ವೀಕರಿಸಿದರೆ ಭಕ್ತಿಗೆ ಕುಂದಿಲ್ಲ.

ಹನ್ನೆರಡನೆಯ ಶತಮಾನದ ಶರಣರು ಈ ಕೋಶವಿಜ್ಞಾನವನ್ನೆಲ್ಲ ಮೊದಲೇ ಬಲ್ಲರೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಅಂಥ ವಾದವು ಅವರಿಗೆ ಗೌರವವನ್ನು ಹೆಚ್ಚಿಸುವುದಿಲ್ಲ, ವಿಜ್ಞಾನಕ್ಕೂ ಉಪಕಾರ ಮಾಡುವುದಿಲ್ಲ. ಆದರೆ ಅವರು ಕಲಿಸಿದ ಎರಡು ಮಾತುಗಳು ನನಗೆ ಈ ವಿಷಯವನ್ನು ಬೋಧಿಸುವಾಗಲೆಲ್ಲ ನೆನಪಾಗುತ್ತಿದ್ದವು. ಒಂದು ಕಾಯಕ: ಹೆಸರಿಲ್ಲದೆ, ಕಣ್ಣಿಗೆ ಬೀಳದೆ, ಬಿಡುವಿಲ್ಲದೆ ಮಾಡುವ ಕೆಲಸದಿಂದಲೇ ಲೋಕ ನಿಂತಿದೆ. ಇನ್ನೊಂದು ದಾಸೋಹ: ಬನಗಾಂವಿನಲ್ಲಿ ಜೀವಗಳನ್ನು ಉಳಿಸಿದ್ದು ಬಡವರ ಕೈಯ ಲೋಟ. ವಿದ್ಯೆಯು ಪಂಡಿತನ ಪೆಟ್ಟಿಗೆಯಿಂದ ಇಳಿದು ತಾಯಿಯ ಕೈಗೆ ಬಂದಾಗ ಅದು ದಾಸೋಹವಾಯಿತು.

ಶ್ರೀಮಠದ ಪ್ರಸಾದದಿಂದ ಬೆಳೆದ ನಾವು ಇಂದು ಊರೂರಿನಲ್ಲಿ ಇದ್ದೇವೆ. ಶಿಕ್ಷಕರಾಗಿ, ಒಕ್ಕಲುತನದವರಾಗಿ, ನೌಕರರಾಗಿ, ವ್ಯಾಪಾರಸ್ಥರಾಗಿ ಇದ್ದೇವೆ. ಜಾತ್ರೆಯ ದಿನಗಳಲ್ಲಿ ಸಾವಿರಾರು ಜನ ಕೂಡುವೆಡೆ ಅನ್ನದಾಸೋಹದ ಮಗ್ಗುಲಲ್ಲಿ ಕುದಿಸಿ ಆರಿಸಿದ ನೀರಿನ ಹಂಡೆಯೊಂದನ್ನು, ಓ.ಆರ್‌.ಎಸ್. ಪೊಟ್ಟಣಗಳ ಪೆಟ್ಟಿಗೆಯೊಂದನ್ನು, ಅಳತೆಯ ಪಾತ್ರೆಯೊಂದನ್ನು ಇರಿಸುವುದು ನಮಗೆ ಭಾರವಲ್ಲ. ನಮ್ಮ ನಮ್ಮ ಊರಿನ ಶಾಲೆಯ ಮಕ್ಕಳಿಗೆ ಆರು ಚಮಚ, ಅರ್ಧ ಚಮಚ, ಒಂದು ಲೀಟರು ಎಂಬ ಲೆಕ್ಕವನ್ನು ಬಾಯಿಪಾಠ ಮಾಡಿಸುವುದೂ ಭಾರವಲ್ಲ. ಒಬ್ಬೊಬ್ಬರು ಹತ್ತು ಮನೆಗಳಿಗೆ ಈ ಮಾತನ್ನು ಮುಟ್ಟಿಸಿದರೆ, ಬರುವ ಮಳೆಗಾಲದಲ್ಲಿ ಯಾವುದೋ ಒಂದು ಮನೆಯಲ್ಲಿ ಬಾಯಾರಿದ ಕೂಸಿಗೆ ನೀರು ದೊರೆಯುತ್ತದೆ. ಈ ಸೇವೆಯನ್ನು ಕೈಕೊಳ್ಳಬೇಕೆಂದು ತಮ್ಮೆಲ್ಲರಲ್ಲಿ ಬಿನ್ನವಿಸಿಕೊಂಡು ವಿರಮಿಸುತ್ತೇನೆ.